ಸಣ್ಣ ಕಾರು: ಮ್ಯಾನುಯಲ್ಲೋ, ಆಟೋಮ್ಯಾಟಿಕ್ಕೋ? ತುಮಕೂರಿನ ರಸ್ತೆಯಲ್ಲಿ ಮೈಲೇಜ್ ಅಳೆದು ತೀರ್ಮಾನಿಸುವ ಬಗೆ

ಸಣ್ಣ ಕಾರು ಕೊಳ್ಳಲು ಹೊರಟವರಿಗೆ ತುಮಕೂರಿನಲ್ಲಿ ಸಿಗುವ ಮೊದಲ ಬಿಟ್ಟಿ ಸಲಹೆ, "ಆಟೋಮ್ಯಾಟಿಕ್ ಬೇಡ, ಪೆಟ್ರೋಲ್ ಕುಡಿಯುತ್ತೆ" ಅನ್ನೋದು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಹಳೇ ಗಾಡಿಗಳ ಅನುಭವ ಹೇಳುತ್ತಿದ್ದಾರೆ ಅಷ್ಟೆ. 2012ರಲ್ಲಿ ಬಂದ ಸ್ವಿಫ್ಟ್ ಡಿಜೈರ್ ಆಟೋಮ್ಯಾಟಿಕ್‌ಗೆ ಇದ್ದದ್ದು ನಾಲ್ಕೇ ಗೇರು. ಅದೇ ಕಾರಿನ ಮ್ಯಾನುಯಲ್‌ಗೆ ಐದು. ಹೈವೇಗೆ ಬಿದ್ದರೆ ನಾಲ್ಕು ಗೇರಿನ ಗಾಡಿಯ ಎಂಜಿನ್ ಜಾಸ್ತಿ ತಿರುಗಲೇಬೇಕು, ಜಾಸ್ತಿ ಕುಡಿಯಲೇಬೇಕು.

ಆದರೆ 2014ರಲ್ಲಿ ಸೆಲೆರಿಯೊ ಜೊತೆ ಎಎಂಟಿ, ಅಂದರೆ ತಾನೇ ಗೇರು ಬದಲಿಸಿಕೊಳ್ಳುವ ಮ್ಯಾನುಯಲ್ ಗೇರ್‌ಬಾಕ್ಸ್, ಬಂದ ಮೇಲೆ ಲೆಕ್ಕ ಬದಲಾಗಿದೆ. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ತರಹದ ಆಟೋಮ್ಯಾಟಿಕ್, ಯಾವ ರಸ್ತೆ, ಯಾರ ಕಾಲು? ಈ ಮೂರನ್ನೂ ಒಂದೊಂದಾಗಿ ನೋಡಿಕೊಂಡರೆ ಶೋರೂಮಿನಲ್ಲಿ ಯಾರೂ ನಿಮ್ಮನ್ನು ಯಾಮಾರಿಸಲು ಆಗುವುದಿಲ್ಲ.

ಹೆಜ್ಜೆ 1: ಯಾವ ಆಟೋಮ್ಯಾಟಿಕ್ ಅಂತ ಮೊದಲು ಕೇಳಿ

ಸೇಲ್ಸ್‌ನವರು ಎಲ್ಲದಕ್ಕೂ "ಆಟೋಮ್ಯಾಟಿಕ್ ಸಾರ್" ಅಂದುಬಿಡುತ್ತಾರೆ. ಒಳಗೆ ನಾಲ್ಕು ಬೇರೆ ಬೇರೆ ಜಾತಿ ಇವೆ.

ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಗೇರು, ಅದೇ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಒಂದು ಪುಟ್ಟ ಕಂಪ್ಯೂಟರ್ ಮತ್ತು ಅದು ಹೇಳಿದಂತೆ ಕೇಳುವ ಯಂತ್ರ ಮಾಡುತ್ತವೆ. ಮಾರುತಿಯವರು ಇದನ್ನು ಎಜಿಎಸ್ ಅನ್ನುತ್ತಾರೆ. ಎಂಜಿನ್ನಿನ ಶಕ್ತಿ ಲೋಹದಿಂದ ಲೋಹಕ್ಕೇ ಹೋಗುವುದರಿಂದ ನಡುವೆ ಪೋಲಾಗುವುದು ಮ್ಯಾನುಯಲ್‌ನಷ್ಟೇ. ವ್ಯಾಗನ್ ಆರ್, ಆಲ್ಟೊ ಕೆ10, ಸೆಲೆರಿಯೊ, ಸ್ವಿಫ್ಟ್, ಟಿಯಾಗೊ, ಗ್ರಾಂಡ್ ಐ10 ನಿಯೋಸ್‌ನಂಥ ಗಾಡಿಗಳಲ್ಲಿ ಸಿಗುವುದು ಇದೇ.

ಟಾರ್ಕ್ ಕನ್ವರ್ಟರ್ ಹಾಗಲ್ಲ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಅದೇ ಉಪಾಯ. ಇಲ್ಲಿ ಗಾಳಿಯ ಬದಲು ಎಣ್ಣೆ. ಒಂದು ಎಷ್ಟು ತಿರುಗುತ್ತದೋ ಇನ್ನೊಂದು ಅಷ್ಟೇ ತಿರುಗುವುದಿಲ್ಲ, ಆ ವ್ಯತ್ಯಾಸ ಶಾಖವಾಗಿ ಹೋಗುತ್ತದೆ. ಈಗಿನವುಗಳಲ್ಲಿ ಸ್ಪೀಡು ಹಿಡಿದ ಮೇಲೆ ಎರಡನ್ನೂ ಬಿಗಿಯಾಗಿ ಜೋಡಿಸುವ ಲಾಕ್-ಅಪ್ ಕ್ಲಚ್ ಇರುತ್ತದೆ. ಹಾಗಾಗಿ ಹೈವೇಯಲ್ಲಿ ನಷ್ಟ ಕಡಿಮೆ. ಊರೊಳಗೆ ಮಾತ್ರ ತೆರಬೇಕಾದ್ದನ್ನು ತೆರಲೇಬೇಕು.

ಸಿವಿಟಿಯಲ್ಲಿ ಗೇರೇ ಇಲ್ಲ. ಎರಡು ಪುಲ್ಲಿ, ನಡುವೆ ಲೋಹದ ಬೆಲ್ಟ್. ಮೆಲ್ಲಗೆ ಓಡಿಸುವವರಿಗೆ ಒಳ್ಳೇ ಮೈಲೇಜ್ ಕೊಡುತ್ತದೆ. ಅವಸರದಲ್ಲಿ ತುಳಿದರೆ ಎಂಜಿನ್ ಕಿರುಚುತ್ತದೆ, ಗಾಡಿ ನಿಧಾನಕ್ಕೆ ಏಳುತ್ತದೆ. ಹೋಂಡಾ ಅಮೇಜ್‌ನಲ್ಲಿ ಇರುವುದು ಇದು. ಇನ್ನು ಡಿಸಿಟಿ, ಅಂದರೆ ಎರಡು ಕ್ಲಚ್ಚಿನದು, ಐ20 ಮತ್ತು ಆಲ್ಟ್ರೋಜ್‌ನಂಥ ಸ್ವಲ್ಪ ದುಬಾರಿ ಗಾಡಿಗಳಲ್ಲಿ ಬಂದಿದೆ. ಮೈಲೇಜೇ ಮುಖ್ಯ ಅನ್ನುವವರು ಅದರ ಹಿಂದೆ ಬೀಳುವುದು ಕಡಿಮೆ, ಆದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.

ಹೆಜ್ಜೆ 2: ಕಂಪನಿ ಹೇಳುವ ಅಂಕಿಯನ್ನು ಸರಿಯಾಗಿ ಓದಿ

ಕಂಪನಿಯವರು ಹೇಳಿಕೊಳ್ಳುವ ಲೀಟರ್ ಲೆಕ್ಕ ಹೀಗಿದೆ. 2024ರ ಸ್ವಿಫ್ಟ್: ಮ್ಯಾನುಯಲ್ 24.80 ಕಿ.ಮೀ., ಎಎಂಟಿ 25.75. ವ್ಯಾಗನ್ ಆರ್ 1.0: ಮ್ಯಾನುಯಲ್ 24.35, ಎಎಂಟಿ 25.19. ಹಳೇ ಮಾತಿಗೆ ಪೂರಾ ಉಲ್ಟಾ, ಅಲ್ವಾ?

ಇನ್ನೂ ಚೆನ್ನಾಗಿ ಅರ್ಥವಾಗಬೇಕಾದರೆ ಮಾರುತಿಯವರ ಫ್ರಾಂಕ್ಸ್ ಕಾರು ನೋಡಿ. ಒಂದೇ ಕಾರಿನಲ್ಲಿ ಎರಡು ಜಾತಿಯ ಆಟೋಮ್ಯಾಟಿಕ್ ಇವೆ. 1.2 ಎಂಜಿನ್ನಿಗೆ ಮ್ಯಾನುಯಲ್ ಆದರೆ 21.79, ಎಎಂಟಿ ಆದರೆ 22.89. ಅದೇ ಕಾರಿನ 1.0 ಟರ್ಬೊಗೆ ಮ್ಯಾನುಯಲ್ ಆದರೆ 21.5, ಟಾರ್ಕ್ ಕನ್ವರ್ಟರ್ ಆದರೆ 20.01. ಎಎಂಟಿ ಮ್ಯಾನುಯಲ್‌ಗಿಂತ ಒಂದು ಕಿಲೋಮೀಟರ್ ಮುಂದೆ, ಟಾರ್ಕ್ ಕನ್ವರ್ಟರ್ ಒಂದೂವರೆ ಕಿಲೋಮೀಟರ್ ಹಿಂದೆ. "ಆಟೋಮ್ಯಾಟಿಕ್ ಕುಡಿಯುತ್ತಾ?" ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಮೇಜ್‌ನ ಹಿಂದಿನ ಮಾದರಿಯಲ್ಲಿ ಮ್ಯಾನುಯಲ್ 18.6, ಸಿವಿಟಿ 18.3 ಇತ್ತು. ಹೆಚ್ಚುಕಡಿಮೆ ಸರಿಸಮ.

ಆದರೆ ಈ ಅಂಕಿಗಳು ಹುಟ್ಟುವುದು ರಸ್ತೆಯಲ್ಲಲ್ಲ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಸುಮಾರು 20 ನಿಮಿಷ ನಿಗದಿಯಾದ ಸ್ಪೀಡಿನಲ್ಲಿ ಓಡಿಸುತ್ತಾರೆ. ಅತಿ ಜಾಸ್ತಿ ಅಂದರೆ 90 ಕಿ.ಮೀ. ವೇಗ. ಸ್ಪೀಡು ಏರುವುದೂ ಬಹಳ ನಿಧಾನ. ಇಷ್ಟು ಮೆಲ್ಲಗೆ ತುಳಿದಾಗ ಎಎಂಟಿಯ ಕಂಪ್ಯೂಟರ್ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ ಕಡಿಮೆ ತಿರುಗುತ್ತದೆ. ಎಎಂಟಿಗೆ ಆ ಒಂದು ಕಿಲೋಮೀಟರ್ ಸಿಗುವುದು ಮುಖ್ಯವಾಗಿ ಅಲ್ಲಿ. ಗೇರು ಯಾವಾಗ ಬದಲಿಸಬೇಕೆಂದು ಗೊತ್ತಿರುವ ಡ್ರೈವರ್ ಮ್ಯಾನುಯಲ್‌ನಲ್ಲೂ ಅದೇ ಕೆಲಸ ಮಾಡಬಹುದು.

ಹಾಗಾಗಿ ಈ ಅಂಕಿಗಳನ್ನು ಒಂದು ಕಾರಿಗೂ ಇನ್ನೊಂದಕ್ಕೂ ಹೋಲಿಸಲು ಬಳಸಿ. ನಿಮಗೂ 25 ಬರುತ್ತದೆ ಅಂತ ಮಾತ್ರ ನಂಬಬೇಡಿ.

ಹೆಜ್ಜೆ 3: ನಿಮ್ಮ ಓಡಾಟ ಯಾವ ಬಗೆಯದು?

ತುಮಕೂರಿನವರ ಓಡಾಟ ಹೆಚ್ಚಾಗಿ ಮೂರು ತರಹ. ತಿಂಗಳಲ್ಲಿ ಯಾವುದು ಎಷ್ಟು ಕಿಲೋಮೀಟರ್ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲನೆಯದು ಊರೊಳಗೆ. ಬಟವಾಡಿಯಿಂದ ಬಿ.ಎಚ್. ರಸ್ತೆಯಲ್ಲಿ ಟೌನ್‌ಹಾಲ್ ಸರ್ಕಲ್, ಬಸ್‌ಸ್ಟ್ಯಾಂಡ್, ಗುಬ್ಬಿ ಗೇಟ್. ಹೆಜ್ಜೆಗೊಂದು ಆಟೋ, ಅಡ್ಡ ಬರುವ ಸ್ಕೂಟರು, ನಡುರಸ್ತೆಯಲ್ಲೇ ಜನ ಹತ್ತಿಸಿಕೊಳ್ಳುವ ಬಸ್ಸು. ಇಲ್ಲಿ ಎರಡನೇ ಗೇರು ದಾಟುವುದೇ ಅಪರೂಪ. ಮೈಲೇಜ್ ಬೀಳುವುದು ಎಲ್ಲಾ ಗಾಡಿಗೂ. ಎಎಂಟಿಯೂ ಮ್ಯಾನುಯಲ್ಲೂ ಇಲ್ಲಿ ಹತ್ತಿರ ಹತ್ತಿರ ಇರುತ್ತವೆ. ಹಿಂದೆ ಬೀಳುವುದು ಟಾರ್ಕ್ ಕನ್ವರ್ಟರ್.

ಎರಡನೆಯದು ಹೈವೇ. ಕ್ಯಾತ್ಸಂದ್ರ ಟೋಲ್ ದಾಟಿ ದಾಬಸ್‌ಪೇಟೆ, ನೆಲಮಂಗಲ, ಬೆಂಗಳೂರು. ಅಥವಾ ಆ ಕಡೆ ಶಿರಾ. ಟಾಪ್ ಗೇರಿಗೆ ಬಿದ್ದ ಮೇಲೆ ಗೇರ್‌ಬಾಕ್ಸ್ ಯಾವುದಾದರೇನು, ಎಲ್ಲವೂ ಒಂದೇ ಕೆಲಸ ಮಾಡುತ್ತಿರುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಹೋಗುತ್ತಿದ್ದವರು 100ಕ್ಕೆ ಏರಿಸಿದರೆ ವೇಗ ಜಾಸ್ತಿಯಾಗುವುದು ಕಾಲು ಭಾಗ, ಗಾಳಿಯ ತಡೆ ಜಾಸ್ತಿಯಾಗುವುದು ಅರ್ಧಕ್ಕೂ ಮೇಲೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಅಷ್ಟು ದೂರಕ್ಕೆ 100ರಲ್ಲಿ ಹೋದರೆ ಉಳಿಯುವುದು ಹತ್ತು ನಿಮಿಷ. ಅದನ್ನೂ ಗೊರಗುಂಟೆಪಾಳ್ಯದ ಸಿಗ್ನಲ್ಲು ನುಂಗಿ ಹಾಕುತ್ತದೆ.

ಮೂರನೆಯದು ಬೆಟ್ಟ. ದೇವರಾಯನದುರ್ಗಕ್ಕೆ ಹೋಗಿಬರುವುದು ವರ್ಷಕ್ಕೆ ಕೆಲವೇ ಸಲವಾದರೂ ಅನುಮಾನಗಳು ಜಾಸ್ತಿ ಇರುವುದು ಇಲ್ಲೇ. ಊರಿನಿಂದ ಬೆಟ್ಟದ ಮೇಲಕ್ಕೆ 300 ಮೀಟರ್‌ಗೂ ಜಾಸ್ತಿ ಎತ್ತರ. ಜನ ಕೂತ ಒಂದು ಟನ್ ಗಾಡಿಯನ್ನು ಅಷ್ಟು ಎತ್ತುವುದಕ್ಕೇ ಮೂರನೇ ಒಂದು ಲೀಟರ್‌ಗೂ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಇದು ಗೇರ್‌ಬಾಕ್ಸ್ ನೋಡಿ ಕಡಿಮೆಯಾಗುವ ಖರ್ಚಲ್ಲ. ವ್ಯತ್ಯಾಸ ಕಾಣುವುದು ಇಳಿಯುವಾಗ. ಅದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 4: ಮೈಲೇಜ್ ಅಳೆಯುವುದು

ಎಲ್ಲರೂ ಮೈಲೇಜ್ ಬಗ್ಗೆ ಮಾತಾಡುತ್ತಾರೆ, ಅಳೆಯುವವರು ಕಡಿಮೆ. "ಸಾವಿರ ರೂಪಾಯಿ ಹಾಕಿಸಿದೆ, ಲೈಟ್ ಹತ್ತೋವರೆಗೂ ಓಡಿಸಿದೆ" ಅನ್ನೋದು ಅಳತೆಯಲ್ಲ. ರಿಸರ್ವ್ ಲೈಟು ಗಾಡಿ ಏರಿನಲ್ಲಿದ್ದರೆ ಒಂದು ತರಹ, ಇಳಿಜಾರಿನಲ್ಲಿದ್ದರೆ ಒಂದು ತರಹ ಹತ್ತುತ್ತದೆ.

ಸರಿಯಾದ ಕ್ರಮ ಇದು.

ಒಂದು ಬಂಕ್ ಆರಿಸಿಕೊಳ್ಳಿ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಗಾಡಿ ನಿಲ್ಲಿಸುವ ಜಾಗವೂ ಅದೇ ಇರಲಿ. ನೆಲ ಒಂದು ಕಡೆಗೆ ವಾಲಿದ್ದರೆ ಟ್ಯಾಂಕು ಹಿಡಿಯುವ ಪೆಟ್ರೋಲೂ ಬದಲಾಗುತ್ತದೆ.

ಫುಲ್ ಟ್ಯಾಂಕ್ ಹೇಳಿ. ನಾಜಲ್ ತಾನಾಗೇ "ಟಕ್" ಎಂದು ಮೊದಲ ಸಲ ಕಟ್ಟಾಗುತ್ತದಲ್ಲ, ಅಲ್ಲಿಗೆ ನಿಲ್ಲಿಸಿಸಿ. ಇಲ್ಲೇ ಎಲ್ಲರ ಲೆಕ್ಕವೂ ಕೆಡುವುದು. ಮೀಟರ್‌ನಲ್ಲಿ 2,263 ರೂಪಾಯಿ ತೋರಿಸುತ್ತಿರುತ್ತದೆ. ಹುಡುಗ ಕೈ ತೆಗೆಯದೆ ಕೇಳುತ್ತಾನೆ, "ಸಾರ್, ರೌಂಡ್ ಫಿಗರ್ ಮಾಡ್ಲಾ? ಇಪ್ಪತ್ಮೂರಕ್ಕೆ?" ನೀವು ಹೂಂ ಅಂದರೆ ಕಾಲು ಲೀಟರ್‌ಗೂ ಜಾಸ್ತಿ ಮೇಲೆ ಬಿತ್ತು. "ಬೇಡಪ್ಪ, ಅಷ್ಟಕ್ಕೇ ಬಿಡು" ಅನ್ನಿ. ಚಿಲ್ಲರೆ ರಗಳೆ ಬೇಡ ಅಂದರೆ ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ಕೊಡಿ. ಕುತ್ತಿಗೆವರೆಗೂ ತುಂಬಿಸುವುದು ಗಾಡಿಗೂ ಒಳ್ಳೆಯದಲ್ಲ. ಟ್ಯಾಂಕಿನ ಆವಿ ಹೋಗುವ ದಾರಿಗೆ ಪೆಟ್ರೋಲೇ ನುಗ್ಗುತ್ತದೆ.

ಟ್ರಿಪ್ ಮೀಟರ್ ಸೊನ್ನೆ ಮಾಡಿ. ಎ, ಬಿ ಎಂದು ಎರಡಿದ್ದರೆ ಬಿ ಬಳಸಿ. ಎ ಅನ್ನು ಮನೆಯಲ್ಲಿ ಯಾರಾದರೂ ಒತ್ತಿಬಿಡುತ್ತಾರೆ.

ಕಡಿಮೆ ಅಂದರೂ 300 ಕಿ.ಮೀ. ಓಡಿಸಿ. 400 ಆದರೆ ಇನ್ನೂ ಒಳ್ಳೇದು. ಯಾಕೆ? ಫುಲ್ ಟ್ಯಾಂಕಿನಲ್ಲಿ ಅರ್ಧ ಲೀಟರ್ ಹೆಚ್ಚುಕಮ್ಮಿ ಆಗುವುದು ಸಹಜ. ಹತ್ತು ಲೀಟರ್ ಖರ್ಚಿನ ಮೇಲೆ ಅಳೆದರೆ ಅದು ನೂರಕ್ಕೆ ಐದರಷ್ಟು ತಪ್ಪು. ಇಪ್ಪತ್ತೈದು ಲೀಟರ್ ಮೇಲೆ ಅಳೆದರೆ ನೂರಕ್ಕೆ ಎರಡೇ. ಮ್ಯಾನುಯಲ್ಲಿಗೂ ಎಎಂಟಿಗೂ ಇರುವ ವ್ಯತ್ಯಾಸವೇ ನೂರಕ್ಕೆ ಮೂರರಿಂದ ಐದು. ಹತ್ತು ಲೀಟರಿನ ಪರೀಕ್ಷೆಯಲ್ಲಿ ಅದು ಎಲ್ಲಿ ಕಾಣಬೇಕು?

ಮತ್ತೆ ಅದೇ ಬಂಕಿನಲ್ಲಿ ಮೊದಲ ಟಕ್‌ವರೆಗೆ ತುಂಬಿಸಿ. 412 ಕಿ.ಮೀ. ಓಡಿ 22.6 ಲೀಟರ್ ಹಿಡಿದರೆ, ಭಾಗಿಸಿ: 18.2. ಇದು ನಿಮ್ಮ ಮೈಲೇಜ್. ಎದುರಿನ ಡಿಸ್‌ಪ್ಲೇ ತೋರಿಸುವ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಿ. ಅದು ಸಾಮಾನ್ಯವಾಗಿ ಸ್ವಲ್ಪ ಉದಾರಿ. ಒಮ್ಮೆ ಅದರ ಸುಳ್ಳು ಎಷ್ಟು ಅಂತ ಗೊತ್ತಾದರೆ ಆಮೇಲೆ ಡಿಸ್‌ಪ್ಲೇ ನೋಡಿಯೇ ಅಂದಾಜು ಮಾಡಬಹುದು.

ಎರಡು ಗೇರ್‌ಬಾಕ್ಸ್ ಹೋಲಿಸಬೇಕಾದರೆ ಅದೇ ಮಾದರಿಯ ಗಾಡಿ ಇರುವ ನೆಂಟರನ್ನು ಹಿಡಿಯಿರಿ. ನಿಮ್ಮದು ಮ್ಯಾನುಯಲ್, ಭಾವನದು ಎಎಂಟಿ ಅಂದುಕೊಳ್ಳಿ. ಇಬ್ಬರೂ ಒಂದೇ ವಾರ, ಒಂದೇ ದಾರಿ, ಒಂದೇ ಎಸಿ ಸೆಟ್ಟಿಂಗ್. ಟೈರಿನ ಗಾಳಿಯನ್ನು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರುವಂತೆ, ಗಾಡಿ ತಣ್ಣಗಿದ್ದಾಗ ಹಿಡಿಸಿ. ಅರ್ಧ ದಾರಿ ಆದ ಮೇಲೆ ಗಾಡಿ ಅದಲು ಬದಲು ಮಾಡಿಕೊಂಡರೆ ಡ್ರೈವರ್ ಕಾಲಿನ ವ್ಯತ್ಯಾಸವೂ ಕಳೆದುಹೋಗುತ್ತದೆ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಬಹುದು. ಮಾಡದೇ ಇದ್ದರೆ ಸಿಗುವುದು ಮದುವೆ ಮನೆಯ ಪಂದ್ಯ, ಉತ್ತರವಲ್ಲ.

ಇನ್ನೊಂದು ಎಚ್ಚರ. ಕೆಲವು ವರ್ಷ ಹಿಂದಿನ ನಿಮ್ಮ ಮೈಲೇಜ್ ಡೈರಿಯನ್ನು ಇವತ್ತಿನ ಅಂಕಿಗೆ ಹೋಲಿಸಿ ಹೊಸ ಗಾಡಿಯನ್ನು ಬೈಯಬೇಡಿ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಗೇರ್‌ಬಾಕ್ಸಿನ ತಪ್ಪಿಲ್ಲದೆಯೂ ಮೈಲೇಜ್ ಸ್ವಲ್ಪ ಇಳಿದಿರುತ್ತದೆ.

ಹೆಜ್ಜೆ 5: ಅದನ್ನು ರೂಪಾಯಿಗೆ ಇಳಿಸಿ

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುತ್ತೀರಿ, ಅಂದರೆ ವರ್ಷಕ್ಕೆ 12,000. ಒಂದು ಗಾಡಿ 18 ಕೊಡುತ್ತದೆ, ಇನ್ನೊಂದು 19. ಮೊದಲನೆಯದಕ್ಕೆ 667 ಲೀಟರ್, ಎರಡನೆಯದಕ್ಕೆ 632. ವ್ಯತ್ಯಾಸ 35 ಲೀಟರ್. ಪೆಟ್ರೋಲ್ 103 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 3,600. ತಿಂಗಳಿಗೆ 300 ರೂಪಾಯಿ. ಮನೆಮಂದಿಯೆಲ್ಲ ಒಂದು ಸಲ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದರೆ ಮುಗಿಯಿತು.

ಎಎಂಟಿಗೆ ಶೋರೂಮಿನಲ್ಲಿ ಕೊಡಬೇಕಾದ್ದು ಮ್ಯಾನುಯಲ್‌ಗಿಂತ ಸುಮಾರು 50 ಸಾವಿರ ಜಾಸ್ತಿ. ಕಂಪನಿ ಹೇಳುವ ಆ ಒಂದು ಕಿಲೋಮೀಟರ್ ನಿಜವಾಗಿಯೂ ಸಿಕ್ಕಿದರೂ ಅಷ್ಟು ದುಡ್ಡು ಪೆಟ್ರೋಲಿನಲ್ಲಿ ವಾಪಸ್ ಬರಲು ಹದಿಮೂರು ಹದಿನಾಲ್ಕು ವರ್ಷ ಬೇಕು. ಸಾಲದ ಬಡ್ಡಿ ಬೇರೆ. ಆದ್ದರಿಂದ "ಸಾರ್, ಎಎಂಟಿ ಮೈಲೇಜ್ ಜಾಸ್ತಿ, ದುಡ್ಡು ವಸೂಲಾಗುತ್ತೆ" ಅನ್ನೋ ಮಾತಿಗೆ ತಲೆ ಆಡಿಸಬೇಡಿ. "ಆಟೋಮ್ಯಾಟಿಕ್ ಕುಡಿಯುತ್ತೆ" ಅನ್ನೋದಕ್ಕೂ ಅಷ್ಟೇ.

ನನ್ನ ಕೇಳಿದರೆ, ಎಎಂಟಿ ತೆಗೆದುಕೊಳ್ಳಬೇಕಾದ್ದು ಮಂಡಿಗೋಸ್ಕರ, ಪೆಟ್ರೋಲಿಗೋಸ್ಕರ ಅಲ್ಲ. ದಿನಾ ಬಿ.ಎಚ್. ರಸ್ತೆಯಲ್ಲೇ ಓಡಾಡುವವರಿಗೆ, ಮಂಡಿ ನೋವಿರುವವರಿಗೆ, ಮನೆಯಲ್ಲಿ ಹೊಸದಾಗಿ ಕಲಿಯುವವರಿದ್ದರೆ 50 ಸಾವಿರ ದುಬಾರಿಯಲ್ಲ. ಗುಬ್ಬಿಯಿಂದ ಊರಿಗೆ ಬಂದು ಹೋಗುವ, ಭಾನುವಾರ ಮಾತ್ರ ಗಾಡಿ ತೆಗೆಯುವ ಮನೆಗೆ ಮ್ಯಾನುಯಲ್ ಧಾರಾಳವಾಗಿ ಸಾಕು.

ಹೆಜ್ಜೆ 6: ಇರುವ ಗಾಡಿಯಿಂದಲೇ ಜಾಸ್ತಿ ತೆಗೆಯುವುದು

ಮ್ಯಾನುಯಲ್ ಇದ್ದರೆ: ಸಮತಟ್ಟಿನ ರಸ್ತೆಯಲ್ಲಿ 15–20ಕ್ಕೆ ಎರಡನೇ ಗೇರು, 30ರ ಸುಮಾರಿಗೆ ಮೂರು, 40–45ಕ್ಕೆ ನಾಲ್ಕು, 55 ದಾಟಿದ ಮೇಲೆ ಐದು. ಡಿಸ್‌ಪ್ಲೇಯಲ್ಲಿ ಗೇರ್ ಏರಿಸಲು ಬಾಣದ ಗುರುತು ಬರುತ್ತಿದ್ದರೆ ಅದರ ಮಾತು ಕೇಳಿ. ಆದರೆ ಮೈಲೇಜ್ ಆಸೆಗೆ 30ರಲ್ಲಿ ನಾಲ್ಕನೇ ಗೇರು ಹಾಕಿ, ಗಾಡಿ ಗಡಗಡ ನಡುಗುತ್ತಿದ್ದರೂ ತುಳಿಯುವುದು ಬೇಡ. ಉಳಿಯುವುದು ಏನೂ ಇಲ್ಲ, ಎಂಜಿನ್ನಿಗೆ ಪೆಟ್ಟು. ಕ್ಲಚ್ ಪೆಡಲ್ ಮೇಲೆ ಸುಮ್ನೆ ಕಾಲು ಇಟ್ಟುಕೊಂಡು ಓಡಿಸುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ.

ಎಎಂಟಿ ಇದ್ದರೆ: ಅದರ ಕಂಪ್ಯೂಟರಿಗೆ ನಿಮ್ಮ ಮನಸ್ಸು ಗೊತ್ತಾಗುವುದು ಆಕ್ಸಿಲರೇಟರ್ ಮೂಲಕ ಮಾತ್ರ. 25–30ಕ್ಕೆ ಬಂದಾಗ ಕಾಲನ್ನು ಒಂದು ಕ್ಷಣ ಸಡಿಲ ಬಿಡಿ. "ಓಹೋ, ಇವರಿಗೆ ಅವಸರ ಇಲ್ಲ" ಅಂದುಕೊಂಡು ಅದು ಮೇಲಿನ ಗೇರಿಗೆ ಹೋಗುತ್ತದೆ. ಆಮೇಲೆ ಮತ್ತೆ ಮೆತ್ತಗೆ ತುಳಿಯಿರಿ. ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗಾಡುವ ತೊಂದರೆಯೂ ಇದರಿಂದ ಬಹಳ ಕಡಿಮೆಯಾಗುತ್ತದೆ. ಒಮ್ಮೆಗೇ ಜೋರಾಗಿ ತುಳಿದರೆ ಅದು ಎರಡು ಗೇರು ಕೆಳಗಿಳಿಸಿ ಎಂಜಿನ್ ಎಬ್ಬಿಸುತ್ತದೆ. ಮೈಲೇಜ್ ಹೋಗುವುದು ಹೀಗೆ. ಓವರ್‌ಟೇಕ್‌ಗೆ ಬೇಕೇ ಬೇಕು, ಊರೊಳಗೆ ಬೇಡ.

ಜಾಮ್‌ನಲ್ಲಿ ಬ್ರೇಕ್ ಬಿಟ್ಟರೆ ಎಎಂಟಿ ತಾನಾಗಿ ತೆವಳುತ್ತದೆ. ಆಗ ಅದು ಹಾಫ್ ಕ್ಲಚ್‌ನಲ್ಲಿದೆ, ಅಂದರೆ ಕ್ಲಚ್ ಅರ್ಧ ಮಾತ್ರ ಹಿಡಿದು ಉಜ್ಜುತ್ತಿದೆ ಅಂತ ಅರ್ಥ. ಇಂಚಿಂಚೇ ತೆವಳುವ ಬದಲು ಮುಂದೆ ಸ್ವಲ್ಪ ಜಾಗವಾಗಲು ಬಿಟ್ಟು ಒಂದೇ ಸಲ ಮುಂದಕ್ಕೆ ಹೋಗಿ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದುಕೊಳ್ಳಬೇಡಿ. ಬ್ರೇಕ್ ಹಿಡಿಯಿರಿ, ಇಲ್ಲವೇ ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲಚ್ ಸುಟ್ಟರೆ ವರ್ಷಗಟ್ಟಲೆ ಉಳಿಸಿದ ಪೆಟ್ರೋಲಿನ ದುಡ್ಡು ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಸಿಗ್ನಲ್‌ನಲ್ಲಿ ಲಿವರನ್ನು ಡಿಯಿಂದ (ಮುಂದಕ್ಕೆ ಓಡಿಸುವ ಸ್ಥಾನ) ನ್ಯೂಟ್ರಲ್‌ಗೆ ತರಬೇಕಾ? ಎಎಂಟಿಯಲ್ಲಿ ಬ್ರೇಕ್ ಪೂರ್ತಿ ಹಿಡಿದಿದ್ದರೆ ಕ್ಲಚ್ ಬಿಡಿಸಿಕೊಂಡಿರುತ್ತದೆ, ಪೆಟ್ರೋಲಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಗಾಡಿಯನ್ನು ತಳ್ಳುತ್ತಲೇ ಇರುತ್ತದೆ, ಅಲ್ಲಿ ನ್ಯೂಟ್ರಲ್‌ಗೆ ತಂದರೆ ಸ್ವಲ್ಪ ಉಳಿಯುತ್ತದೆ. ರೈಲ್ವೆ ಗೇಟ್ ಬಿದ್ದರೆ ಗೇರ್‌ಬಾಕ್ಸ್ ಯಾವುದಾದರೂ ಸರಿ, ಆಫ್ ಮಾಡಿ. ನಿಂತಲ್ಲೇ ಉರಿಯುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧ ಲೀಟರ್‌ಗೂ ಮೇಲೆ ಕುಡಿಯುತ್ತದೆ, ಎಸಿ ಇದ್ದರೆ ಇನ್ನೂ ಜಾಸ್ತಿ.

ಈಗ ದೇವರಾಯನದುರ್ಗದ ಇಳಿಜಾರಿಗೆ ಬರೋಣ. ನ್ಯೂಟ್ರಲ್ ಹಾಕಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತೆ ಅನ್ನೋದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರು ಹಾಕಿದ್ದು, ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದರೆ ಪೆಟ್ರೋಲ್ ಪೂರಾ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ನಿಲ್ಲದಂತೆ ಪೆಟ್ರೋಲ್ ಕೊಡಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ, ಜೊತೆಗೆ ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯ. ಮ್ಯಾನುಯಲ್‌ನಲ್ಲಿ ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಎಎಂಟಿಯಲ್ಲಿ ಡಿಯಲ್ಲೇ ಬಿಟ್ಟರೆ ಅದು ಮೇಲಿನ ಗೇರಿಗೆ ಹೋಗಿ ಹಿಡಿತ ಬಿಡಬಹುದು. ಲಿವರನ್ನು 'ಎಂ' ಸ್ಥಾನಕ್ಕೆ (ಗೇರು ನಾವೇ ಆರಿಸುವ ಮ್ಯಾನುಯಲ್ ಸ್ಥಾನ) ತಂದು ಎರಡನೇ ಗೇರಿನಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಇಳಿಸುವ ಸಾಹಸವಂತೂ ಬೇಡವೇ ಬೇಡ. ಪವರ್ ಬ್ರೇಕು, ಪವರ್ ಸ್ಟೀರಿಂಗು ಎರಡೂ ಕೈಕೊಡುತ್ತವೆ.

ಹೆಜ್ಜೆ 7: ಟೆಸ್ಟ್ ಡ್ರೈವ್ ಮತ್ತು ಸೆಕೆಂಡ್ ಹ್ಯಾಂಡ್

ಶೋರೂಮಿನವರು ಖಾಲಿ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕೀ ಈಸಿಕೊಳ್ಳುತ್ತಾರೆ. ಒಪ್ಪಬೇಡಿ. ಸಂಜೆ ಆರರ ಹೊತ್ತಿಗೆ ಹೋಗಿ, ಟೌನ್‌ಹಾಲ್ ಸರ್ಕಲ್ ಕಡೆಗೇ ಬಿಡಿ. ಮ್ಯಾನುಯಲ್, ಆಟೋಮ್ಯಾಟಿಕ್ ಎರಡನ್ನೂ ಅದೇ ದಾರಿಯಲ್ಲಿ, ಎಸಿ ಹಾಕಿ, ಮನೆಯವರನ್ನು ಕೂರಿಸಿಕೊಂಡು ಓಡಿಸಿ. ಮನೆಯಲ್ಲಿ ದಿನಾ ಗಾಡಿ ಓಡಿಸುವವರು ಯಾರೋ ಅವರೇ ಸ್ಟೀರಿಂಗ್ ಹಿಡಿಯಲಿ.

ಹಳೇ ಎಎಂಟಿ ಕೊಳ್ಳುವವರು ಒಂದು ಏರು ಹುಡುಕಿ. ಗಾಡಿ ನಿಲ್ಲಿಸಿ, ಮತ್ತೆ ಹೊರಡಿಸಿ. ಅದುರಿಕೊಂಡು ಹೊರಟರೆ, ಸುಟ್ಟ ವಾಸನೆ ಬಂದರೆ, ಎಂಜಿನ್ ಏರಿ ಗಾಡಿ ಮಾತ್ರ ತಡವಾಗಿ ಎದ್ದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಸರ್ವೀಸ್ ಬುಕ್ ತೆಗೆಸಿ ಕ್ಲಚ್ ಯಾವಾಗ ಬದಲಾಯಿಸಿದ್ದಾರೆ ನೋಡಿ. ಹೊಸ ಕ್ಲಚ್ ಹಾಕಿದ ಮೇಲೆ ಅದು ಎಲ್ಲಿ ಹಿಡಿಯುತ್ತದೆ ಅನ್ನೋದನ್ನು ಸ್ಕ್ಯಾನರ್ ಹಚ್ಚಿ ಕಂಪ್ಯೂಟರಿಗೆ ಕಲಿಸಬೇಕಾಗುತ್ತದೆ. ಅದನ್ನು ಮಾಡದೆ ಬಿಟ್ಟ ಗಾಡಿಯೂ ಹೀಗೇ ಅದುರುತ್ತದೆ. ಆದ್ದರಿಂದ ವ್ಯಾಪಾರ ಮುಗಿಸುವ ಮುಂಚೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಒಮ್ಮೆ ತೋರಿಸಿ, ಕ್ಲಚ್ಚಿನ ಖರ್ಚು ಬರುವಂತಿದ್ದರೆ ಅಷ್ಟನ್ನು ರೇಟಿನಲ್ಲೇ ಇಳಿಸಿ.